ಕರೋಕೆಯಲ್ಲಿ ಖಾಲಿಯಾದವನು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮೂರಿನವರು ಹೇಳುತ್ತಾರೆ. ಜಪಾನಿನ ಈ ಮಿನೋಹಾಮ ಬಂದರೂರಿನ ಶಾಲೆಯಲ್ಲಿ ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿದವಳಿಗೆ ಕೋಪ ಬಾರದೆ ಇನ್ನೇನು ಬರಬೇಕು? ಆದರೆ ಈಗ ಹೇಳಹೊರಟಿರುವ ಕೋಪ ಶಾಲೆಯದ್ದಲ್ಲ. ಸೊನೊದಾ ಕತ್ಸುಮಿ ಎಂಬ ಗಿಟಾರ್ ನುಡಿಸುವವನ ಸಲುವಾಗಿ ಬಂದದ್ದು. ಬಂದು ಎರಡು ವರ್ಷವಾಯಿತು, ಇನ್ನೂ ಇಳಿದಿಲ್ಲ.

ಮಳೆಗಾಲ ಮುಗಿದು ಸೆಕೆ ಶುರುವಾಗಿದ್ದ ದಿನಗಳವು. ಪುರಸಭೆಯ ಸಂಸ್ಕೃತಿ ವಿಭಾಗದ ಕುವಾತಾ ನಮ್ಮ ಮನೆಗೆ ಬಂದ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹೂರಣದ ಸಿಹಿಯ ದೊಡ್ಡ ಡಬ್ಬಿ. ನಮ್ಮಲ್ಲಿ ಡಬ್ಬಿ ದೊಡ್ಡದಿದ್ದಷ್ಟೂ ಕೇಳಲಿರುವ ಉಪಕಾರವೂ ದೊಡ್ಡದು. ಹಾಗಾಗಿ ನಾನು ಅವನ ಮುಖ ಬಿಟ್ಟು ಡಬ್ಬಿಯನ್ನೇ ನೋಡುತ್ತ ಕೂತೆ.

"ಟೀಚರ್, ಚಳಿಗಾಲಕ್ಕೆ ಮುಂಚೆ ಆಸ್ಟ್ರೇಲಿಯಾದಿಂದ ನಮ್ಮ ಸಹೋದರಿ ನಗರದೋರು ಬರ್ತಿದಾರೆ. ಅವರಿಗೋಸ್ಕರ ಸಂಸ್ಕೃತಿ ಭವನದಲ್ಲಿ ಒಂದು ಪ್ರದರ್ಶನ ಇಡ್ತಿದೀವಿ. ಜಗತ್ತು ನಮ್ಮಿಂದ ಪಡೆದ ಪದಗಳು ಅಂತ ಹೆಸರು. ಇಂಗ್ಲಿಷ್ ನಿಘಂಟಿಗೆ ಸೇರಿರೋ ನಮ್ಮ ಪದ ಒಂದೊಂದಕ್ಕೂ ಒಂದೊಂದು ಫಲಕ. ಇಂಗ್ಲಿಷ್ ನೀವೇ ಬರ್ಕೊಡ್ಬೇಕು."

"ಪಡೆದ ಅಂತ ಯಾಕೆ ಹಾಕಿದೀರಿ? ಅವರು ನಮ್ಮನ್ನ ಕೇಳಿ ಪಡೆದ್ರಾ?"

"ಹಂಗಲ್ಲ ಟೀಚರ್. ನಮ್ಮ ಪದ ಅವರ ಬಾಯಲ್ಲಿದೆ ಅಂದ್ರೆ ಅದೊಂದು ಹೆಮ್ಮೆ ಅಲ್ವಾ?"

ಹೆಮ್ಮೆಯಂತೆ! ಅವನು ತಂದಿದ್ದ ಪದಗಳನ್ನು ನೋಡಿ ನನಗೆ ಮೈ ಉರಿಯಿತು. ಫುತೋನ್ ಇತ್ತು. ನಮ್ಮ ಹಾಸಿಗೆ ಬೆಳಿಗ್ಗೆ ಎದ್ದರೆ ಮಡಚಿ ಬೀರುವಿಗೆ ಹೋಗುವಂಥದ್ದು, ಬಿಸಿಲು ಬಿದ್ದರೆ ಮಹಡಿಯ ಕಟಕಟೆಯ ಮೇಲೆ ನೇತಾಡುವಂಥದ್ದು. ಇಂಗ್ಲಿಷಿನಲ್ಲಿ ಅದು ಮರದ ಚೌಕಟ್ಟಿನ ಸೋಫಾ ಆಗಿ ಕೂತಿದೆ. ಹಿಬಾಚಿ ಇತ್ತು. ನನ್ನಜ್ಜಿ ಚಳಿಗೆ ಕೈ ಕಾಯಿಸಿಕೊಳ್ಳುತ್ತಿದ್ದ, ಬೂದಿ ತುಂಬಿದ ಕೆಂಡದ ಮಡಕೆ ಅದು. ಅಮೆರಿಕದಲ್ಲಿ ಅದರ ಮೇಲೆ ಮಾಂಸ ಸುಡುತ್ತಾರೆ. ಹಾಂಚೋ ಇತ್ತು. ನಮ್ಮ ಓಣಿಯಲ್ಲಿ ಮನೆಮನೆಗೆ ಸರದಿಯಂತೆ ಬರುವ ಕೆಲಸ. ಆ ವರ್ಷ ಹಾಂಚೋ ಆದವರು ಕಸದ ಜಾಗ ಗುಡಿಸಬೇಕು, ಸುತ್ತೋಲೆ ಹಿಡಿದು ಬಾಗಿಲು ಬಾಗಿಲು ಅಲೆಯಬೇಕು. ಇಂಗ್ಲಿಷಿನಲ್ಲಿ ಅವನು ದೊಡ್ಡ ಧಣಿ. ಇನ್ನು ಸುನಾಮಿ. ನಮ್ಮ ಕರಾವಳಿಯವರು ಹೆಣ ಹೊತ್ತು ಕಲಿತ ಪದ. ಅವರ ಪತ್ರಿಕೆಗಳಲ್ಲಿ ಅಂಗಡಿಗೆ ಗಿರಾಕಿಗಳು ಹೆಚ್ಚು ಬಂದರೂ ಸುನಾಮಿ. ಪದ ಹೋಗಲಿ, ಬೇಡ ಅನ್ನುವುದಿಲ್ಲ. ಹೋದ ಕಡೆ ಅದನ್ನು ನಿನ್ನ ಊರು ಯಾವುದು, ನಿನ್ನ ಜನ ಯಾರು ಎಂದು ಒಬ್ಬರಾದರೂ ಕೇಳಬಾರದೇ?

ಕೊನೆಯ ಪದ ಕರೋಕೆ. ಕರ ಅಂದರೆ ಖಾಲಿ. ಓಕೆ ಅನ್ನುವುದು ಅವರದೇ ಆರ್ಕೆಸ್ಟ್ರಾ. ನಮ್ಮವರು ಅದನ್ನು ನಮ್ಮ ನಾಲಿಗೆಗೆ ಹೊಂದಿಸಿ, ಬಾಲ ಕತ್ತರಿಸಿ, ಮುಂದೆ ಖಾಲಿ ಎಂದು ಅಂಟಿಸಿದರು. ಇಂಗ್ಲಿಷರು ತಮ್ಮ ಪದವನ್ನೇ ವಾಪಸ್ ತೆಗೆದುಕೊಂಡು, ಗುರುತು ಸಿಗದೆ, ಎಷ್ಟು ಚೆನ್ನಾಗಿದೆ ನಿಮ್ಮ ಪದ ಎಂದು ನಮ್ಮ ಬೆನ್ನು ತಟ್ಟುತ್ತಿದ್ದಾರೆ. ನಾವೂ ತಟ್ಟಿಸಿಕೊಳ್ಳುತ್ತಿದ್ದೇವೆ. ಕುವಾತಾ ಅದಕ್ಕೆ ಒಂದು ಒಕ್ಕಣೆ ಬರೆದು ತಂದಿದ್ದ: ವಾದ್ಯದವರು ಇಲ್ಲದೆಯೂ ಯಾರು ಬೇಕಾದರೂ ಹಾಡಬಹುದಾದ ಸಂತೋಷದ ಉಪಕರಣ.

"ವಾದ್ಯದೋರು ಎಲ್ಲಿಗೆ ಹೋದ್ರು?" ಎಂದೆ.

"ಅಂದ್ರೆ?"

"ಖಾಲಿ ಅಂದ್ಮೇಲೆ ಮೊದ್ಲು ಅಲ್ಲಿ ಯಾರೋ ಇದ್ದಿರ್ಬೇಕಲ್ಲಪ್ಪ. ಅವರೆಲ್ಲಿ?"

ಅವನು ಹಿಗ್ಗಿ ಹೀರೇಕಾಯಿಯಾದ. "ಅದಕ್ಕೇ ಟೀಚರ್ ನಿಮ್ಮತ್ರ ಬಂದಿದ್ದು! ಅಂಥೋರು ಒಬ್ರು ನಮ್ಮೂರಲ್ಲೇ ಉಳ್ಕೊಂಡಿದಾರಂತೆ. ಸೊನೊದಾ ಕತ್ಸುಮಿಯವರು. ಕರೋಕೆ ಹುಟ್ಟಿದ್ದು ಅಂಥೋರ ಸಂಗೀತದಿಂದ ಅಂತ ವೇದಿಕೆ ಮೇಲೆ ತೋರಿಸ್ಬೇಕು. ನಿಮಗೆ ಪರಿಚಯ ಅಂದ್ರು."

ಪರಿಚಯ ಏನು ಬಂತು, ಕತ್ಸುಮಿಯ ಗಿಟಾರ್ ಕೇಳುತ್ತಲೇ ನಾನು ಶಾಲೆಯ ಪಾಠ ಬರೆದವಳು. ನಮ್ಮಮ್ಮ ಹಡಗು ಕಟ್ಟುವ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಒಂದು ಪುಟ್ಟ ಮದ್ಯದಂಗಡಿ ನಡೆಸುತ್ತಿದ್ದಳು. ಆರು ಜನ ಕೂತರೆ ಏಳನೆಯವನು ನಿಲ್ಲಬೇಕು. ಸಂಜೆ ಕೆಲಸ ಬಿಟ್ಟ ಬೆಸುಗೆಯವರು, ಬಣ್ಣ ಹಚ್ಚುವವರು ಬಂದು ಕರಿದ ಮೀನು ತಿನ್ನುತ್ತ ಕುಡಿಯುತ್ತಿದ್ದರು. ಓಣಿಯುದ್ದಕ್ಕೂ ಅಂಥವೇ ಅಂಗಡಿಗಳು. ಕತ್ಸುಮಿ ನಗಾಶಿ. ಅಂದರೆ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹರಿದುಹೋಗುತ್ತ ನುಡಿಸುವವನು. ಬಿಳಿ ಅಂಗಿ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು, ಕೊರಳಲ್ಲಿ ಹಗ್ಗದಿಂದ ತೂಗುವ ಗಿಟಾರ್. ಬಾಗಿಲ ಪರದೆ ಸರಿಸಿ ತಲೆಯಷ್ಟೇ ಒಳಗೆ ಹಾಕಿ, "ಒಂದು ಹಾಡು ಹೇಳ್ತೀರಾ?" ಎನ್ನುತ್ತಿದ್ದ. ಕೇಳ್ತೀರಾ ಎಂದಲ್ಲ, ಹೇಳ್ತೀರಾ ಎಂದು.

ಅವನು ಹುಟ್ಟಿದ್ದು ಎದುರಿನ ದ್ವೀಪದಲ್ಲಿ, ಮೀನುಗಾರರ ಮನೆಯಲ್ಲಿ. ದೋಣಿ ಹತ್ತಿದರೆ ವಾಂತಿ ಮಾಡುತ್ತಿದ್ದ ಎಂದು ಅವನಪ್ಪ ಬೈದು ದಡಕ್ಕೆ ಅಟ್ಟಿದನಂತೆ. ಬಂದರಿನ ಊಟದ ಮನೆಯಲ್ಲಿ ತಟ್ಟೆ ತೊಳೆಯುವಾಗ ಹಡಗಿನ ಅಡುಗೆಯವನೊಬ್ಬ ಗಿಟಾರ್ ಕಲಿಸಿದ. ಅವನ ಬೆರಳುಗಳು ಅಂಥ ಚುರುಕೇನಲ್ಲ. ಅದನ್ನು ಅವನೇ ಹೇಳುತ್ತಿದ್ದ: "ನನಗಿಂತ ಚೆನ್ನಾಗಿ ನುಡಿಸೋರು ಈ ಓಣೀಲೇ ಇಬ್ರಿದಾರೆ. ಆದ್ರೆ ಅವರು ಹಾಡೋನನ್ನ ಬಿಟ್ಟು ಮುಂದೆ ಹೋಗ್ಬಿಡ್ತಾರೆ."

ಕತ್ಸುಮಿ ಎಂದೂ ಮುಂದೆ ಹೋಗುತ್ತಿರಲಿಲ್ಲ. ಕುಡಿದ ಗಂಡಸು ಶ್ರುತಿ ಬಿಟ್ಟರೆ ಇವನು ಬಿಟ್ಟ ಶ್ರುತಿಗೇ ಹೋಗಿ ಸೇರುತ್ತಿದ್ದ. ಸಾಲು ಮರೆತರೆ, ಹತ್ತಿರದವರಿಗೂ ಕೇಳಿಸದ ಹಾಗೆ ಮುಂದಿನ ಸಾಲನ್ನು ಕಿವಿಯಲ್ಲಿ ಊದುತ್ತಿದ್ದ. ಬೆಸುಗೆಯ ಹಿರೊಕಾನೆಗೆ ಹಾಡೆಂದರೆ ಪ್ರಾಣ, ಆದರೆ ಬೆಸುಗೆಯ ಹೊಗೆ ಕುಡಿದ ಎದೆ. ಎರಡನೇ ಚರಣಕ್ಕೆ ಕೆಮ್ಮು ಬಂದೇ ಬರುತ್ತಿತ್ತು. ಆಗ ಕತ್ಸುಮಿ ಅದೇ ಜಾಗದಲ್ಲಿ ತಂತಿಯ ಮೇಲೆ ಸುತ್ತು ಹಾಕುತ್ತ ನಿಲ್ಲುತ್ತಿದ್ದ. ಹಿರೊಕಾನೆ ಕೆಮ್ಮಿ, ಕಣ್ಣೊರೆಸಿ, ಒಂದು ಗುಟುಕು ಕುಡಿದು, ಮತ್ತೆ ಬಾಯಿ ತೆರೆದಾಗ ಹಾಡು ಅಲ್ಲಿಯೇ ಕಾದಿರುತ್ತಿತ್ತು. ಕೇಳಿದವರಿಗೆ ಆ ಕೆಮ್ಮೂ ಹಾಡಿನದೇ ಭಾಗ ಅನ್ನಿಸುತ್ತಿತ್ತು. ಹಗಲೆಲ್ಲ ಮೇಸ್ತ್ರಿಯಿಂದ ಬೈಸಿಕೊಂಡವನು ಆ ನಾಲ್ಕು ನಿಮಿಷ ದೊಡ್ಡ ಮನುಷ್ಯನಾಗಿ ಕೂತಿರುತ್ತಿದ್ದ. ಇದು ಕಲೆಯೋ ಅಲ್ಲವೋ ಪಂಡಿತರು ಹೇಳಲಿ, ನನಗೆ ಗೊತ್ತಿರುವುದು ಇಷ್ಟೇ: ಅಂಥ ಇನ್ನೊಂದನ್ನು ನಾನು ನೋಡಲಿಲ್ಲ.

ಆಮೇಲೆ ಪೆಟ್ಟಿಗೆ ಬಂತು. ನಾಣ್ಯ ಹಾಕಿದರೆ ವಾದ್ಯ ನುಡಿಯುವ ಪೆಟ್ಟಿಗೆ, ಜೊತೆಗೆ ಒಂದು ಮೈಕು. ಮೊದಲು ಓಣಿಯ ತುದಿಯ ಅಂಗಡಿಗೆ, ಆಮೇಲೆ ಅದರ ಎದುರಿನದಕ್ಕೆ. ನಮ್ಮಮ್ಮನೂ ತಂದಳು. ಅವಳನ್ನು ಬೈಯಲು ನನಗೆ ಬಾಯಿಲ್ಲ, ಆ ಪೆಟ್ಟಿಗೆಯ ದುಡಿಮೆಯಲ್ಲೇ ನಾನು ಕಾಲೇಜು ಓದಿದ್ದು. ಅದು ಬಂದ ದಿನ ಕತ್ಸುಮಿ ಎಂದಿನಂತೆ ಪರದೆ ಸರಿಸಿ ತಲೆ ಹಾಕಿದ. ಪೆಟ್ಟಿಗೆ ನೋಡಿದ. ಅಮ್ಮ ಲೋಟ ಒರೆಸುತ್ತ, "ಇವತ್ತು ಬೇಡ ಕಣೋ ಕತ್ಸು," ಎಂದಳು.

"ಇವತ್ತು ಬೇಡ್ವಾ, ಇನ್ಮೇಲೆ ಬೇಡ್ವಾ ಅಕ್ಕ?"

ಅಮ್ಮ ಒರೆಸಿದ ಲೋಟವನ್ನೇ ಮತ್ತೆ ಒರೆಸಿದಳು. ಅವನು ತಲೆ ಬಗ್ಗಿಸಿ, ಪರದೆಯನ್ನು ಕೈಯಿಂದ ನೆಟ್ಟಗೆ ಮಾಡಿ ಹೋದ.

ಪೆಟ್ಟಿಗೆ ಮಾರುವ ಒಂದು ಕಂಪನಿಯವನು ಇವನನ್ನೇ ಹುಡುಕಿಕೊಂಡು ಬಂದದ್ದೂ ಉಂಟು. ಹಾಡುಗಳಿಗೆ ಬರೀ ವಾದ್ಯ ನುಡಿಸಿ ಟೇಪು ಮಾಡಿಕೊಡಬೇಕು, ಒಂದೇ ಸಲಕ್ಕೆ ಸಂಬಳ. ಹೆಂಡತಿ ನೊಬುಎ ಬೆಳಗಿನಿಂದ ಸಂಜೆಯವರೆಗೆ ತಣ್ಣೀರಿನಲ್ಲಿ ಕೈ ಮುಳುಗಿಸಿ ಸಿಂಪಿಯ ಚಿಪ್ಪು ಬಿಡಿಸಿ ಮನೆ ನಡೆಸುತ್ತಿದ್ದ ಕಾಲ. ಕತ್ಸುಮಿ ಒಪ್ಪಿದ. ಗ್ರಾಮಫೋನ್ ತಟ್ಟೆ ಮಾರುವ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೋಡೆಗೆಲ್ಲ ಮೊಟ್ಟೆಯ ಟ್ರೇ ಹೊಡೆದು, ಒಬ್ಬನೇ ಕೂತು ನುಡಿಸಿದ. ಕಂಪನಿಯವರು ಎಲ್ಲವನ್ನೂ ವಾಪಸ್ ಕಳಿಸಿದರು. ಎಲ್ಲೆಂದರಲ್ಲಿ ಲಯ ನಿಲ್ಲುತ್ತದೆ, ಎಲ್ಲೋ ನಿಧಾನ, ಎಲ್ಲೋ ಅವಸರ, ಕುಡಿದು ನುಡಿಸಿದ ಹಾಗಿದೆ ಎಂದರು.

ಅವನು ಕುಡಿದಿರಲಿಲ್ಲ. ಹಾಡುವವರಿಲ್ಲದೆ ನುಡಿಸಲು ಅವನಿಗೆ ಬರುತ್ತಲೇ ಇರಲಿಲ್ಲ. ಅದಕ್ಕೆ ಒಂದೊಂದು ಹಾಡಿಗೂ ನಮ್ಮ ಓಣಿಯ ಒಬ್ಬೊಬ್ಬನನ್ನು ನೆನೆಸಿಕೊಂಡು ಅವನ ಉಸಿರಿಗೆ ನುಡಿಸಿದ್ದ. ಹಿರೊಕಾನೆ ಕೆಮ್ಮುವಲ್ಲಿ ಕಾದಿದ್ದ. ಹಾಡುತ್ತ ಹಾಡುತ್ತ ಅತ್ತುಬಿಡುವ ಅಂಚೆಯವನೊಬ್ಬನಿದ್ದ, ಅವನು ಅಳುವಲ್ಲಿ ನಿಧಾನ ಮಾಡಿದ್ದ. ಕಂಪನಿಯವನು ಬಂದು, "ಇಂಥೋರಿಗೆ ಅಂತ ಅಲ್ಲ ಸ್ವಾಮಿ, ಯಾರು ಬೇಕಾದ್ರೂ ಹಾಡೋ ಹಾಗೆ ನುಡಿಸಿ," ಎಂದನಂತೆ.

"ಯಾರು ಬೇಕಾದ್ರೂ ಅಂದ್ರೆ ಯಾರು?" ಎಂದು ಇವನು ಕೇಳಿದನಂತೆ.

ಇವತ್ತಿಗೂ ಜಗತ್ತಿನ ಎಲ್ಲ ಊರುಗಳಲ್ಲೂ ಆ ಪೆಟ್ಟಿಗೆ ಯಾರು ಬೇಕಾದರೂ ಎಂಬವನಿಗೋಸ್ಕರ ನುಡಿಯುತ್ತಲೇ ಇದೆ, ನಾವು ನೀವು ಅದರ ಹಿಂದೆ ಓಡುತ್ತಿದ್ದೇವೆ. ಕತ್ಸುಮಿ ಕಿತ್ತಳೆ ಸಂಘದ ಗೋದಾಮಿನಲ್ಲಿ ಪೆಟ್ಟಿಗೆಗೆ ಹಣ್ಣು ತುಂಬುವ ಕೆಲಸಕ್ಕೆ ಸೇರಿದ. ಗಿಟಾರ್ ಹಾಸಿಗೆಯ ಬೀರುವಿಗೆ ಹೋಯಿತು. ನೊಬುಎ ಸತ್ತ ವರ್ಷವೂ ಅದನ್ನು ಹೊರಗೆ ತೆಗೆಯಲಿಲ್ಲ.

ಕುವಾತಾನನ್ನು ಕರೆದುಕೊಂಡು ಅವನ ಮನೆಗೆ ಹೋದಾಗ ಕತ್ಸುಮಿಗೆ ಎಂಬತ್ತು ಹತ್ತಿರವಾಗಿತ್ತು. ಮೂಲಂಗಿ ಹೆಚ್ಚುತ್ತ ಕೂತಿದ್ದ. ಕುವಾತಾ ಬಗ್ಗಿ ನಮಸ್ಕಾರ ಮಾಡಿ, ಕರೋಕೆಯ ಮೂಲಪುರುಷ, ಜನಕ ಎಂದೇನೇನೋ ಹೇಳಿದ. ಕತ್ಸುಮಿ ಚೂರಿ ಕೆಳಗಿಟ್ಟ.

"ಏನಂದ್ರಿ? ನಾನು ಅದರ ಅಪ್ಪನಾ?"

"ಹೌದು, ಒಂದರ್ಥದಲ್ಲಿ..."

"ನನ್ನ ಹೊಟ್ಟೆ ಮೇಲೆ ಹೊಡೆದಿದ್ದಕ್ಕೆ ನಾನೇ ಅಪ್ಪನೇನ್ರೀ?" ಎಂದು ನನ್ನತ್ತ ತಿರುಗಿದ. "ಇಕುಯೋ, ಯಾರೇ ಇವನು? ಎಲ್ಲಿಂದ ಹಿಡ್ಕೊಂಡು ಬಂದೆ?"

"ಪುರಸಭೆಯಿಂದ ಕತ್ಸಣ್ಣ. ನಾನು ಹಿಡ್ಕೊಂಡು ಬಂದಿಲ್ಲ, ಅವರೇ ಬಂದಿದ್ದು," ಎಂದೆ.

"ಪುರಸಭೆಯೋರು ನಮ್ಮ ಓಣಿಗೆ ಬಂದಿದ್ದು ಎರಡೇ ಸಲ. ಒಂದ್ಸಲ ಇಲಿ ಪಾಷಾಣ ಹಾಕಕ್ಕೆ, ಇನ್ನೊಂದ್ಸಲ ಈಗ."

ಕುವಾತಾ ಬೆವರು ಒರೆಸಿಕೊಂಡ. ಆದರೆ ಹುಡುಗ ಬುದ್ಧಿವಂತ, ಸುಮ್ಮನೆ ಬಂದಿರಲಿಲ್ಲ. "ಹಿರೊಕಾನೆಯವರು ಹಾಡಕ್ಕೆ ಒಪ್ಪಿದಾರೆ," ಎಂದ.

ಹಿರೊಕಾನೆ ಆಗ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಮನೆಯಲ್ಲೇ ಇದ್ದ. ಹಾಡಿ ಎಷ್ಟೋ ವರ್ಷವಾಗಿತ್ತು. ವೃದ್ಧರ ಕೂಟದಲ್ಲಿ ಒಂದು ಸಲ ಕರೋಕೆಗೆ ನಿಂತು, ಟಿವಿ ಪರದೆಯ ಮೇಲೆ ಸಾಲುಗಳಿಗೆ ಬಣ್ಣ ಏರುತ್ತ ಓಡಿದಷ್ಟು ವೇಗಕ್ಕೆ ಉಸಿರು ಓಡದೆ ಅರ್ಧಕ್ಕೇ ಕೂತುಬಿಟ್ಟಿದ್ದ. ಯಂತ್ರ ಅವನಿಗೆ ಅಂಕ ಬೇರೆ ಕೊಟ್ಟು ತೋರಿಸಿತ್ತು. ಆಮೇಲೆ ಅವನು ಆ ಕೂಟಕ್ಕೆ ಕಾಲಿಡಲಿಲ್ಲ.

"ಹಿರೊ ಒಪ್ಪಿದ್ನಾ?" ಎಂದು ಕತ್ಸುಮಿ ನನ್ನನ್ನು ಕೇಳಿದ, ಕುವಾತಾನನ್ನಲ್ಲ.

"ಕತ್ಸು ನುಡಿಸಿದ್ರೆ ಹಾಡ್ತೀನಿ, ಆ ಪೆಟ್ಟಿಗೆ ಹಿಂದೆ ಓಡಕ್ಕೆ ನನ್ನ ಕೈಲಾಗಲ್ಲ ಅಂದ್ರು," ಎಂದು ಕುವಾತಾನೇ ಹೇಳಿದ. "ಇದೊಂದು ಹಾಡು ಹೇಳ್ಬಿಟ್ರೆ ಸಾಕು, ಇನ್ನೇನು ಬೇಡ ಅಂದ್ರು."

"ನಾನು ನಿಜವಾಗ್ಲೂ ನುಡಿಸೋದಾ?"

"ನಿಜವಾಗ್ಲೂ. ಸಾವಿರ ಜನರ ಭವನ."

ಮಾರನೆಯ ದಿನದಿಂದ ಕತ್ಸುಮಿ ದೋಣಿಕಟ್ಟೆಯ ಹಿಂದಿನ ಬೆಂಚಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಕೂತು ನುಡಿಸತೊಡಗಿದ. ಬೆರಳ ತುದಿಯ ಗಟ್ಟಿ ಚರ್ಮವೆಲ್ಲ ಹೋಗಿ ಮೆತ್ತಗಾಗಿತ್ತು. ಬೊಕ್ಕೆ ಎದ್ದವು, ಒಡೆದವು, ಔಷಧದ ಪಟ್ಟಿ ಸುತ್ತಿಕೊಂಡು ನುಡಿಸಿದ. ವಾರಕ್ಕೆರಡು ಸಲ ಹಿರೊಕಾನೆಯ ಮನೆಗೆ ಹೋಗಿ ಅವನು ಪಿಸುದನಿಯಲ್ಲಿ ಹೇಳುವ ಸಾಲುಗಳಿಗೆ ಜೊತೆಯಾದ. ಬಂದರಿನಲ್ಲಿ ದೋಣಿಗೆ ಕಾಯುವ ಹೆಂಗಸಿನ ಹಳೆಯ ಹಾಡು ಅದು.

"ಅವನು ಈಗ ಉಸಿರು ತೊಗೊಳ್ಳೋ ಜಾಗಗಳೇ ಬೇರೆ ಆಗಿವೆ ಕಣೇ," ಎಂದು ನನಗೆ ಹೇಳಿದ. ಆ ಮುಖದಲ್ಲಿದ್ದ ಸಂತೋಷ ನೋಡಿ ನಾನು ಕುವಾತಾನ ಬಗ್ಗೆ ಅಂದುಕೊಂಡಿದ್ದ ಅರ್ಧ ಮಾತುಗಳನ್ನು ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡೆ. ಅವಸರಪಟ್ಟೆ.

ಫಲಕಕ್ಕೆ ನಾನು ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದ್ದೆ: ಈ ಪದದೊಳಗಿನ ಖಾಲಿ ಜಾಗದಲ್ಲಿ ಮೊದಲು ಮನುಷ್ಯರಿದ್ದರು, ಅವರಿಗೆ ಕೆಲಸ ಹೋಯಿತು. ಅಚ್ಚಾಗಿ ಬಂದ ಫಲಕದಲ್ಲಿ ಅದಿರಲಿಲ್ಲ. ಫೋನು ಮಾಡಿ ಕೇಳಿದರೆ ಕುವಾತಾ, "ಮೇಲಿನೋರು ತೆಗೆಸಿದ್ರು ಟೀಚರ್. ಇದು ಸಂತೋಷದ ಸಂದರ್ಭ ಅಂತ," ಎಂದ. ಮೇಲಿನವರು ಎಂದರೆ ಯಾರು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಅವರು ಮಾತ್ರ ಎಲ್ಲ ಕಡೆಯೂ ಇರುತ್ತಾರೆ. ಬಾಯಿಗೆ ಬಂದಂತೆ ಬೈದು ಫೋನಿಟ್ಟೆ. ಹಾಡಾದರೂ ಆಗಲಿ, ಫಲಕ ಹಾಳಾಗಿ ಹೋಗಲಿ ಅಂದುಕೊಂಡೆ.

ಆ ಮಧ್ಯಾಹ್ನ ಭವನ ತುಂಬಿತ್ತು. ಆಸ್ಟ್ರೇಲಿಯಾದವರು ಮುಂದಿನ ಸಾಲಿನಲ್ಲಿ, ಕುತ್ತಿಗೆಗೆ ಹೆಸರಿನ ಚೀಟಿ ಹಾಕಿಕೊಂಡು. ನನಗೆ ವೇದಿಕೆಯ ಪಕ್ಕದಲ್ಲಿ ನಿಂತು ಭಾಷಾಂತರ ಮಾಡುವ ಕೆಲಸ. ಹಿಂದಿನ ಕೋಣೆಯಲ್ಲಿ ಕತ್ಸುಮಿ ಬಿಳಿ ಅಂಗಿ ಹಾಕಿ, ಉಳಿದ ಕೂದಲನ್ನು ಎಣ್ಣೆ ಹಚ್ಚಿ ಬಾಚಿ ಕೂತಿದ್ದ. ಅದರ ಮೇಲೆ ಪುರಸಭೆಯವರು ಹಬ್ಬದ ಕೆಂಪು ನಿಲುವಂಗಿ ತೊಡಿಸಿದ್ದರು. ನಗಾಶಿಗಳು ಅದನ್ನು ಜನ್ಮದಲ್ಲಿ ತೊಟ್ಟವರಲ್ಲ. ಅಷ್ಟರಲ್ಲಿ ಕುವಾತಾ ಬಂದು ಅವನ ಮುಂದೆ ಮೊಣಕಾಲೂರಿ ಕೂತ.

"ಸೊನೊದಾ ಅವರೇ, ಒಂದು ಸಣ್ಣ ಬದಲಾವಣೆ. ದಯವಿಟ್ಟು ತಪ್ಪು ತಿಳ್ಕೋಬೇಡಿ. ಹಾಡು ಯಂತ್ರದಲ್ಲೇ ಬರುತ್ತೆ. ಹಿಂದಿನ ದೊಡ್ಡ ಪರದೆ ಮೇಲೆ ಇಂಗ್ಲಿಷ್ ಅಕ್ಷರ ಓಡ್ಬೇಕಲ್ಲ, ಅದು ಯಂತ್ರದ ಲೆಕ್ಕಕ್ಕೇ ಓಡೋದು. ನೀವು ಪಕ್ಕದಲ್ಲಿ ಕೂತು ತಂತಿ ಮುಟ್ಟಿದ ಹಾಗೆ ಮಾಡಿದ್ರೆ ಸಾಕು."

"ಮುಟ್ಟಿದ ಹಾಗೆ?"

"ಹೌದು. ಸದ್ದು ಬರೋದು ಬೇಡ. ಎರಡೂ ಸೇರಿದ್ರೆ ಗಲಿಬಿಲಿ ಆಗುತ್ತೆ. ಅತಿಥಿಗಳ ಬಸ್ಸಿಗೂ ಹೊತ್ತಾಗುತ್ತೆ."

ನಾನು ಅಲ್ಲೇ ಇದ್ದೆ. ತಲೆಗೆ ರಕ್ತ ನುಗ್ಗಿತು. "ನಾಚಿಕೆ ಆಗಲ್ವೇನ್ರೀ ನಿಮಗೆ? ನಿಜವಾಗ್ಲೂ ಅಂತ ನೀವೇ ಹೇಳಿದ್ರಲ್ಲ! ಅವರ ಬೆರಳು ನೋಡಿದೀರಾ? ಗೊಂಬೆ ಬೇಕಿತ್ತಾ ನಿಮಗೆ? ಅಂಗಡೀಲಿ ಸಿಗ್ತಿತ್ತಲ್ಲ!"

"ಟೀಚರ್, ದಯವಿಟ್ಟು. ಮೇಲಿನೋರು..."

"ಕತ್ಸಣ್ಣ, ಏಳು. ಹೋಗೋಣ. ಈ ಕೆಂಪು ಚೀಲ ಬಿಚ್ಚಿ ಅವರ ಮುಖಕ್ಕೆ ಎಸೆ."

ಕತ್ಸುಮಿ ಏಳಲಿಲ್ಲ. ಪರದೆಯ ಸಂದಿನಿಂದ ವೇದಿಕೆ ಕಾಣುತ್ತಿತ್ತು. ಹಿರೊಕಾನೆ ಆಗಲೇ ಗಾಲಿಕುರ್ಚಿಯಲ್ಲಿ ಅಲ್ಲಿ ಕೂತಿದ್ದ. ಮಗನ ಮದುವೆಗೆ ಹೊಲಿಸಿದ ಕೋಟು ಈಗ ಅವನಿಗೆ ದೊಗಳೆಯಾಗಿತ್ತು. ಹೆಂಡತಿ ಅವನ ಟೈ ಸರಿಮಾಡುತ್ತಿದ್ದಳು. ಅವನು ನಗುತ್ತಿದ್ದ.

"ನಾನು ಎದ್ದುಹೋದ್ರೆ ಹಿರೊ ಹಾಡಲ್ಲ," ಎಂದ ಕತ್ಸುಮಿ. "ಪೆಟ್ಟಿಗೆ ಆದ್ರೂ ಆಗ್ಲಿ, ನಾನು ಪಕ್ಕದಲ್ಲಿದ್ರೆ ಹಾಡಿಯಾನು. ಆಯ್ತು ಬಿಡಿ, ಮುಟ್ಟಿದ ಹಾಗೆ ಮಾಡ್ತೀನಿ."

ಅವನನ್ನು ಪರಿಚಯಿಸುವ ಮಾತು ಭಾಷಾಂತರಿಸಬೇಕಾದವಳು ನಾನು. ಯಾರ ಸಂಗೀತದಿಂದ ಕರೋಕೆ ಹುಟ್ಟಿತೋ ಆ ಮಹನೀಯರು ಇವರು ಎಂದು ನಿರೂಪಕ ಹೇಳಿದ. ನಾನು ಇಂಗ್ಲಿಷಿನಲ್ಲಿ ಬೇರೆ ಹೇಳಿದೆ. ನೀವು ದಿನಾ ಆಡುವ ಪದದಲ್ಲಿ ಖಾಲಿ ಎಂದು ಒಂದು ಮಾತಿದೆ. ಅಲ್ಲಿಂದ ಎಬ್ಬಿಸಿ ಕಳಿಸಿದ ಮನುಷ್ಯ ಇವನು. ಇವತ್ತು ಕರೆದುಕೊಂಡು ಬಂದು ನುಡಿಸಬೇಡ ಎಂದಿದ್ದಾರೆ ಎಂದೆ. ಮುಂದಿನ ಸಾಲಿನವರು ಕಿವಿಗೊಟ್ಟು ಕೇಳಿ, ತಲೆದೂಗಿ, ನಕ್ಕರು. ಜಪಾನಿನವರೂ ಇಷ್ಟು ತಮಾಷೆ ಮಾಡುತ್ತಾರೆಯೇ ಎಂಬಂಥ ನಗು. ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿದರು. ನನಗೆ ಆ ಮೈಕು ತೆಗೆದು ಯಾರ ಮೇಲಾದರೂ ಎಸೆಯಬೇಕು ಅನ್ನಿಸಿತು.

ಯಂತ್ರ ಶುರುವಾಯಿತು. ಪಿಟೀಲು, ತುತ್ತೂರಿ, ಎಲ್ಲ ಇತ್ತು ಅದರಲ್ಲಿ. ಹಿರೊಕಾನೆ ಮೊದಲು ಕತ್ಸುಮಿಯ ಕೈ ನೋಡಿದ, ಆಮೇಲೆ ಮೇಲಿನ ಸ್ಪೀಕರ್ ನೋಡಿದ. ಅವನಿಗೆ ಯಾರೂ ಹೇಳಿರಲಿಲ್ಲ. ಆದರೂ ಹಾಡಿದ. ಮೊದಲ ಚರಣವನ್ನು ಹೇಗೋ ದಾಟಿದ, ದನಿ ತೆಳ್ಳಗಿದ್ದರೂ ಸಾಲು ಬಿಡಲಿಲ್ಲ. ಕತ್ಸುಮಿಯ ಬೆರಳು ತಂತಿಯ ಮೇಲೆ, ತಂತಿಗೆ ತಾಗದೆ, ಆಡುತ್ತಿದ್ದವು. ಎರಡನೇ ಚರಣದ ಎರಡನೇ ಸಾಲಿಗೆ ಉಸಿರು ಸಿಕ್ಕಿಕೊಂಡಿತು. ಹಿರೊಕಾನೆ ಬಾಯಿ ತೆರೆದ, ಮುಚ್ಚಿದ, ಕೆಮ್ಮಿದ. ಪರದೆಯ ಮೇಲೆ ಅಕ್ಷರಗಳು ಬಣ್ಣ ಬದಲಿಸುತ್ತ ಮುಂದೆ ಹೋದವು. ಅವನು ತಿರುಗಿ ಕತ್ಸುಮಿಯನ್ನು ನೋಡಿದ. ಕತ್ಸುಮಿಯ ಬೆರಳುಗಳು ತಂತಿಗೆ ಬಗ್ಗಿದವು, ಅಲ್ಲೇ ನಿಂತವು. ಹಾಡು ಮೂರನೇ ಚರಣಕ್ಕೆ ಹೋಯಿತು. ಹಿರೊಕಾನೆ ಮೈಕನ್ನು ತೊಡೆಯ ಮೇಲೆ ಇಟ್ಟುಕೊಂಡು ತಲೆ ತಗ್ಗಿಸಿ ಕೂತ. ಕೊನೆಯವರೆಗೆ ಪಿಟೀಲುಗಳು ನುಡಿದವು, ನಿಂತವು. ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಕಾರ್ಯಕ್ರಮ ಕಾಗದ ಮಡಚುವ ಪ್ರಾತ್ಯಕ್ಷಿಕೆ ಎಂದು ನಿರೂಪಕ ಸಾರಿದ.

ಭವನದ ಹಿಂಬದಿಯ ಹಾದಿಯಲ್ಲಿ ಹಿರೊಕಾನೆಯ ಹೆಂಡತಿ ಹಾಡಲೆಂದು ತೆಗೆದಿಟ್ಟಿದ್ದ ಕೊಳವೆಯನ್ನು ಮತ್ತೆ ಅವನ ಮೂಗಿಗೆ ಸಿಕ್ಕಿಸುತ್ತಿದ್ದಳು. ಕತ್ಸುಮಿ ಕೆಂಪು ಅಂಗಿಯಲ್ಲೇ ಹೋಗಿ ನಿಂತ.

"ನೀನಿದ್ದಿದ್ರೆ ಹಾಡಿರ್ತಿದ್ದೆ ಕಣೋ ಕತ್ಸು," ಎಂದ ಹಿರೊಕಾನೆ. ಬೈಗುಳ ಇರಲಿಲ್ಲ ಅದರಲ್ಲಿ. ಪೂರ್ತಿ ದಣಿದಿದ್ದ.

"ಇದ್ನಲ್ಲೋ!" ಕತ್ಸುಮಿ ಕೂಗಿದ. ಅವನು ಕೂಗಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. "ಇದ್ದೆ! ನಿನ್ನ ಪಕ್ಕದಲ್ಲೇ ಕೂತಿದ್ದೆ! ಗಿಟಾರ್ ಕೈಲೇ ಇತ್ತು! ಬೇಡ ಅಂದ್ರು ಅಂತ ಸುಮ್ಮನೆ ಕೂತೆ. ನೀನು ನನ್ನ ನೋಡ್ದೆ, ನಾನು ನುಡಿಸ್ಲಿಲ್ಲ. ಇಷ್ಟು ವರ್ಷ ಯಾರನ್ನೂ ನಡುದಾರೀಲಿ ಬಿಟ್ಟೋನಲ್ಲ ನಾನು. ಯಾರನ್ನೂ! ಕುಡಿದು ಬಿದ್ದೋನನ್ನೂ ಬಿಟ್ಟಿಲ್ಲ. ಇವರು ಹೇಳಿದ್ರು ಅಂತ ನಿನ್ನ ಬಿಟ್ಬಿಟ್ಟೆ!"

ಕುವಾತಾ ಗೌರವಧನದ ಲಕೋಟೆ, ಉಡುಗೊರೆಯ ಟವೆಲಿನ ಪೊಟ್ಟಣ ಹಿಡಿದು ಓಡಿ ಬಂದ. ತುಂಬಾ ಚೆನ್ನಾಗಿ ಬಂತು, ಅತಿಥಿಗಳಿಗೆ ಬಹಳ ಇಷ್ಟವಾಯಿತು ಎಂದ. ಕತ್ಸುಮಿ ಕೆಂಪು ಅಂಗಿ ಬಿಚ್ಚಿ, ಮಡಚಿ, ಲಕೋಟೆ ಪೊಟ್ಟಣಗಳ ಮೇಲೆ ಇಟ್ಟು, ಎಲ್ಲವನ್ನೂ ಅವನ ಕೈಗೇ ವಾಪಸ್ ಕೊಟ್ಟ. ಮಾತಾಡಬೇಕಾದ್ದನ್ನೆಲ್ಲ ನಾನು ಆಡಿದೆ. ಅದನ್ನು ಇಲ್ಲಿ ಬರೆದರೆ ಅಚ್ಚು ಹಾಕುವವರು ತೆಗೆದುಬಿಡುತ್ತಾರೆ.

ಮರುದಿನ ಬೆಳಿಗ್ಗೆ ಮೀನು ಕೊಳ್ಳಲು ಹೊರಟವಳು ಹಿರೊಕಾನೆಯ ಮನೆಯ ಮುಂದೆ ಕತ್ಸುಮಿಯನ್ನು ಕಂಡೆ. ಹೊಸಿಲಿನ ಮೆಟ್ಟಿಲ ಮೇಲೆ ಗಿಟಾರ್ ಇಟ್ಟುಕೊಂಡು ಕೂತಿದ್ದ. ಹಿರೊಕಾನೆಯ ಹೆಂಡತಿ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದಳು.

"ಮಲಗಿದಾರೆ ಅಣ್ಣ. ನಿನ್ನೆಯಿಂದ ಸರಿಯಾಗಿ ಉಂಡಿಲ್ಲ. ಹಾಡಕ್ಕಾಗಲ್ಲ."

"ಹಾಡು ಅಂತ ಯಾರು ಹೇಳಿದ್ರಮ್ಮ? ಬಾಗಿಲು ತೆರೆದಿಟ್ಟಿರು, ಸಾಕು. ಮೊದಲನೇ ಚರಣ ನಿನ್ನೆನೇ ಆಯ್ತು."

ಎರಡನೇ ಚರಣಕ್ಕೆ ಮುಂಚಿನ ತುಣುಕನ್ನು ನುಡಿಸಿದ. ಮೊದಲ ಸಾಲು ದಾಟಿ, ನಿನ್ನೆ ಉಸಿರು ಸಿಕ್ಕಿಕೊಂಡ ಕಡೆಗೆ ಬಂದು, ಅಲ್ಲಿಯೇ ಮೆಲ್ಲಗೆ ಸುತ್ತು ಹಾಕತೊಡಗಿದ. ಒಳಗಿನಿಂದ ಏನೂ ಬರಲಿಲ್ಲ. ಮತ್ತೆ ಸುತ್ತಿದ. ಅಷ್ಟರಲ್ಲಿ ಪುರಸಭೆಯ ಮೈಕಿನ ವ್ಯಾನು ಓಣಿಗೆ ಬಂತು. ಜಗತ್ತು ನಮ್ಮಿಂದ ಪಡೆದ ಪದಗಳು ಪ್ರದರ್ಶನವನ್ನು ಜನರ ಅಪೇಕ್ಷೆಯ ಮೇರೆಗೆ ಮುಂದುವರಿಸಲಾಗಿದೆ, ಎಲ್ಲರೂ ಬಂದು ಹೆಮ್ಮೆಪಡಿ ಎಂದು ಒದರಿತು. ನಾನು ಮೀನಿನ ಬುಟ್ಟಿ ಕೆಳಗಿಟ್ಟು ನಡುರಸ್ತೆಗೆ ಹೋಗಿ ನಿಂತೆ. ಚಾಲಕ ಹಾರ್ನ್ ಹೊಡೆದ. ನಾನು ಕದಲಲಿಲ್ಲ.

"ಏನಜ್ಜಿ, ಸಾಯ್ಬೇಕಾ?"

"ಆ ಮೈಕು ಬಂದ್ ಮಾಡು ಮೊದ್ಲು. ಇಲ್ಲೊಬ್ರು ಹಾಡ್ತಿದಾರೆ."

"ಯಾರು? ಎಲ್ಲಿ? ಯಾರೂ ಹಾಡ್ತಿಲ್ಲವಲ್ಲ!"

"ಬಂದ್ ಮಾಡಯ್ಯ ಅಂದ್ರೆ!"

ಮಾಡಿದ. ಗೊಣಗುತ್ತ ಹಿಂದಕ್ಕೆ ಹೋದ. ಕತ್ಸುಮಿ ತಲೆ ಎತ್ತಿರಲಿಲ್ಲ, ಅದೇ ಸುತ್ತಿನಲ್ಲಿದ್ದ. ಪಟ್ಟಿ ಸುತ್ತಿದ ಬೆರಳಿನಿಂದ ರಕ್ತ ಜಿನುಗಿ ತಂತಿಗೆ ಹತ್ತಿತ್ತು. ಅವನು ಎಷ್ಟು ಹೊತ್ತು ಹಾಗೆ ನುಡಿಸಿದನೋ ನನಗೆ ತಿಳಿಯದು. ಪಕ್ಕದ ಮನೆಯವರು ಕಿಟಕಿ ತೆರೆದರು. ಕೊನೆಗೆ ಒಳಗೆ ಯಾರೋ ಕೆಮ್ಮಿದರು. ಆಮೇಲೆ ಹಾಸಿಗೆಯ ಮೇಲಿಂದ ಎರಡನೇ ಚರಣದ ಎರಡನೇ ಸಾಲು ಬಂತು, ಅರ್ಧ ಪಿಸುಮಾತು, ಅರ್ಧ ಉಬ್ಬಸ. ಸಾಲಿನ ನಡುವೆ ಉಸಿರು ಮುಗಿಯಿತು. ಕತ್ಸುಮಿ ಅಲ್ಲೇ ಸುತ್ತು ಹಾಕುತ್ತ ಕಾದ. ಉಸಿರು ಬಂತು. ಕತ್ಸುಮಿ ಮುಂದಿನ ಸ್ವರಕ್ಕೆ ಹೊರಟ.